ಮಾದಪ್ಪನ ಹುಲಿ, ಲೆಸ್ಟರ್ ಪಲ್ಟನ್

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ದೇವರ ಗೂಡಿನ ಮುಂದೆ ಹಾದುಹೋಗುವಾಗ ಒಂದು ಹುಲಿ ಪಳಪಳ ಹೊಳೆಯಿತು. ಹಣೆಗೆ ಕುಂಕುಮ, ಬಾಲದ ಮೇಲೆ ಸೇವಂತಿಗೆಯ ಒಂದು ಎಸಳು. ಎರಡು ಹೆಜ್ಜೆ ಮುಂದೆ ಹೋದ ಮೇಲೆ ಎದೆ ಧಸಕ್ಕೆಂದಿತು. ಹಿಂದಿರುಗಿ ನೋಡಿದೆ. ಸಂಶಯವೇ ಇಲ್ಲ, ಹುಲಿ ನನ್ನದು. ಲೆಸ್ಟರ್‌ಶೈರ್ ರೆಜಿಮೆಂಟಿನ ಟೋಪಿ ಬಿಲ್ಲೆ. ಮೂರು ವಾರದ ಹಿಂದೆ, ಜಡಿಮಳೆಯಲ್ಲಿ, ಇಪ್ಪತ್ತೆರಡು ಪೌಂಡ್ ಎಣಿಸಿ ತಂದದ್ದು.

ಕಾರಿನ ಡಿಕ್ಕಿ ತೆರೆದು ಹಳೆಯ ಸಾಮಾನು ಮಾರುವ ಭಾನುವಾರದ ಸಂತೆಗೆ ಹೋಗಿ ಅಭ್ಯಾಸವಿರುವವರಿಗೆ ನನ್ನ ಸಂಕಟ ಅರ್ಥವಾಗುತ್ತದೆ. ಬ್ರಿಟಿಷ್ ಸೇನೆಯ ಬಿಲ್ಲೆಯನ್ನು ಮುಖ ನೋಡಿ ಕೊಳ್ಳುವವನು ಮೂರ್ಖ. ಮೊದಲು ಬೆನ್ನು ನೋಡಬೇಕು. ಟೋಪಿಗೆ ಸಿಕ್ಕಿಸುವ ಉದ್ದನೆಯ ಪಟ್ಟಿ ಇದೆಯೋ, ಕಿವಿಯಂಥ ಎರಡು ಕೊಂಡಿಗಳಿವೆಯೋ, ಬೆಸುಗೆ ಹಳೆಯದೋ ನಿನ್ನೆಯದೋ ನೋಡಬೇಕು. ಹೊಸದಾಗಿ ಅಚ್ಚೊತ್ತಿ ಮುದುಕನ ವೇಷ ಹಾಕಿಸಿದ ನಕಲಿಗಳು ರಾಶಿ ರಾಶಿ ಇವೆ. ಕಿರೀಟವಿದ್ದರೆ ಅದರ ಆಕಾರ ನೋಡಿ ಕಾಲ ಹೇಳಬಹುದು. ರಾಜನ ಕಿರೀಟವಾದರೆ 1901ರಿಂದ 1952ರ ನಡುವಿನದು, ರಾಣಿ ಎಲಿಜಬೆತ್ ಕಿರೀಟವಾದರೆ ಆಮೇಲಿನದು. ಇದನ್ನು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದೆ. ಚಾರ್ಲ್ಸ್ ಪಟ್ಟಕ್ಕೆ ಬಂದವರೇ ಮತ್ತೆ ಆ ಹಳೆಯ ಆಕಾರದ ಕಿರೀಟವನ್ನೇ ಆರಿಸಿಕೊಂಡರು. ಮಗ್ಗಿ ಅಲ್ಲಿಗೆ ಕೆಟ್ಟಿತು.

ನನ್ನ ಹುಲಿಗೆ ಕಿರೀಟದ ತಾಪತ್ರಯವೇ ಇರಲಿಲ್ಲ. ಹಿತ್ತಾಳೆಯ ಹುಲಿ, ಮೇಲೆ ಬಿಳಿ ಲೋಹದ ಪಟ್ಟಿಯಲ್ಲಿ ‘ಹಿಂದೂಸ್ತಾನ್’, ಕೆಳಗೆ ‘ಲೆಸ್ಟರ್‌ಶೈರ್’. ಈ ಪಲ್ಟನ್ 1804ರಿಂದ 1823ರವರೆಗೆ ನಮ್ಮ ದೇಶದಲ್ಲಿದ್ದುದಕ್ಕೆ 1825ರಲ್ಲಿ ಸಿಕ್ಕ ಗೌರವ ಈ ಹುಲಿ. ‘ರಾಯಲ್’ ಎಂಬ ಬಿರುದು ಬಂದದ್ದು 1946ರಲ್ಲಿ. ನನ್ನದರ ಮೇಲೆ ಆ ಪದವಿಲ್ಲ, ಆದ್ದರಿಂದ ಅದಕ್ಕೂ ಹಿಂದಿನದು. ಈ ಪಲ್ಟನ್ನಿನ ವಸ್ತುಗಳನ್ನು ಇಟ್ಟಿರುವ ಲೆಸ್ಟರ್ ಊರಿನ ನ್ಯೂವಾರ್ಕ್ ಹೌಸಸ್ ಮ್ಯೂಸಿಯಮ್ಮಿನ ಗಾಜಿಗೆ ಮೂಗು ಒತ್ತಿ ನಿಂತು, ಅಲ್ಲಿನ ಹುಲಿಯ ಜೊತೆ ನನ್ನ ಹುಲಿಯ ಪಟ್ಟೆಗಳನ್ನು ತಾಳೆ ನೋಡಿ ಬಂದಿದ್ದೆ. ನನ್ನ ಹೆಂಡತಿ ಇವುಗಳನ್ನೆಲ್ಲ ‘ಜವಾನನ ಬಿಲ್ಲೆ’ ಎಂದೇ ಕರೆಯುತ್ತಾಳೆ, ಅದು ಬೇರೆ ಮಾತು.

ಬಿಲ್ಲೆ ಕೂಡಿಡುವವರಿಗೆ ಇರುವುದು ಒಂದೇ ಮಡಿ. ಉಜ್ಜಬಾರದು. ಕಾಲ ಬಳಿದ ಕಂದು ಬಣ್ಣವೇ ಅದರ ಬೆಲೆ. ಕೊಳ್ಳೇಗಾಲದಿಂದ ಬಂದು ಒಂದು ತಿಂಗಳಾದ ನಮ್ಮ ಅತ್ತೆಯವರಿಗೆ ಇರುವ ಮಡಿಯೂ ಒಂದೇ. ಹಿತ್ತಾಳೆ ಕಂಡರೆ ಉಜ್ಜಬೇಕು. ಬಂದ ವಾರವೇ ದೀಪ, ಗಂಟೆ, ತಂಬಿಗೆ ಮುಗಿದವು. ಆಮೇಲೆ ಮುಂಬಾಗಿಲಿನ ಹಿಡಿ. ಆಮೇಲೆ ಅಂಚೆ ಹಾಕುವ ಕಿಂಡಿ. ಪಕ್ಕದ ಮನೆಯವರ ಕಿಂಡಿಯನ್ನೂ ಉಜ್ಜಿಕೊಟ್ಟು ಅವರಿಂದ ಒಂದು ಕೇಕ್ ಸಂಪಾದಿಸಿದರು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

“ಅತ್ತೆ, ಈ ಹುಲಿ...” ಎಂದೆ. ಅಳಿಯನಾದವನು ಅತ್ತೆಯ ಮುಂದೆ ಇಷ್ಟೇ ಕೂಗಾಡಬಹುದು.

“ನಿಮ್ಮ ಡಬ್ಬಿಯಲ್ಲಿತ್ತು, ಅಳಿಯಂದಿರೇ. ಪಾಪ, ಕಪ್ಪುಗಟ್ಟಿಹೋಗಿತ್ತು. ರಾತ್ರಿಯೇ ಹುಣಸೆಹಣ್ಣಿನಲ್ಲಿ ನೆನೆಹಾಕಿದೆ. ಮಾದಪ್ಪನ ಹುಲಿಯನ್ನು ಹಾಗೆ ಬೀರುವಿನಲ್ಲಿ ಇಡುತ್ತಾರೆಯೇ?”

“ಇದು ಇಲ್ಲಿನ ಸಿಪಾಯಿಗಳದ್ದು. ಮಾದಪ್ಪನದಲ್ಲ.”

ಅತ್ತೆ ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ಹಿಂ-ದೂ-ಸ್ತಾನ್. ಅದರ ಮೇಲೇ ಬರೆದಿದೆಯಲ್ಲ, ನಮ್ಮ ಕಡೆಯದೇ ಎಂದು.”

“ಮತ್ತೆ ಮೇಲೆ ಮಾದಪ್ಪ ಎಲ್ಲಿ?”

“ಬೆಟ್ಟ ಬಿಟ್ಟು ಬರುತ್ತಾನೆಯೇ? ಹುಲಿಯನ್ನು ಕಳಿಸಿದ್ದಾನೆ.”

ನಾನು ಪಟ್ಟು ಬಿಡಲಿಲ್ಲ. ಉಜ್ಜಿದರೆ ಬೆಲೆ ಬಿದ್ದುಹೋಗುತ್ತದೆ ಎಂದು ವಿವರಿಸಿದೆ. ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು, “ಹಾಗಾದರೆ ಆ ಸಿಪಾಯಿ ಇದನ್ನು ಉಜ್ಜುತ್ತಿರಲಿಲ್ಲವೇ?” ಉಜ್ಜುತ್ತಿದ್ದ. ಕವಾಯತಿಗೆ ಮುಂಚೆ ಬಿಲ್ಲೆ, ಗುಂಡಿಗಳೆಲ್ಲ ಥಳಥಳಿಸಬೇಕಿತ್ತು. ಗುಂಡಿ ಉಜ್ಜುವಾಗ ಬಟ್ಟೆಗೆ ಕಲೆಯಾಗದಂತೆ ಅಡಿಗೆ ತೂರಿಸುವ, ನಡುವೆ ಸೀಳಿರುವ ಹಿತ್ತಾಳೆ ಪಟ್ಟಿಯೊಂದನ್ನು ಅವನಿಗೆ ಕೊಟ್ಟಿರುತ್ತಿದ್ದರು. ಅಂಥದ್ದೊಂದು ನನ್ನ ಬಳಿಯೇ ಇದೆ. ನಾನೇ ಉತ್ಸಾಹದಿಂದ ಇಬ್ಬರಿಗೂ ತೋರಿಸಿದ್ದೆ.

“ಅಂದರೆ ಸಿಪಾಯಿ ಉಜ್ಜಿದರೆ ಇತಿಹಾಸ, ಅಮ್ಮ ಉಜ್ಜಿದರೆ ಹಾಳು” ಎಂದಳು. ಇದಕ್ಕೆ ನನ್ನ ಬಳಿ ಉತ್ತರವಿದೆ. ನಾಳೆಯೊಳಗೆ ಹೊಳೆಯಬಹುದು.

ಎಲ್ಲರೂ ಅತ್ತ ಹೋದ ಮೇಲೆ ಹುಲಿಯನ್ನು ಮೆಲ್ಲಗೆ ಕೈಗೆತ್ತಿಕೊಂಡೆ. ಹುಳಿ ಹೆಚ್ಚಾಗಿ ಹಿತ್ತಾಳೆ ತುಸು ಕೆಂಪಡರಿದೆ. ಪಟ್ಟೆಗಳ ಸಂದಿಯಲ್ಲಿ ಹುಣಸೆ ನಾರು. ನಾನು ತಂದಾಗಲೇ ಮೂಗು ಸವೆದಿತ್ತು. ಯಾವನೋ ಹುಡುಗ ಚಳಿಯಲ್ಲಿ ಎದ್ದು, ಬಾಯಲ್ಲಿ ಬೈಯುತ್ತಾ, ಹೆಬ್ಬೆರಳಿನಿಂದ ತಿಕ್ಕಿ ಸವೆಸಿದ ಮೂಗು. ಮೊದಲ ಮಹಾಯುದ್ಧದ ಪದಕವಾಗಿದ್ದರೆ ಅಂಚಿನಲ್ಲಿ ಅವನ ಹೆಸರು, ನಂಬರು ಕೊರೆದಿರುತ್ತಿದ್ದರು. ಬಿಲ್ಲೆಗೆ ಆ ಭಾಗ್ಯವಿಲ್ಲ. ಅವನು ಊರಿಗೆ ಮರಳಿದನೋ ಇಲ್ಲವೋ, ಬಸ್ಸಿನಲ್ಲಿ ಬರುವಾಗ ಆ ಮೂಗಿನ ಮೇಲೆ ಬೆರಳಾಡಿಸುತ್ತಾ ಎಷ್ಟೋ ಸಲ ಯೋಚಿಸಿದ್ದೇನೆ. ಕೊಳ್ಳೇಗಾಲದ ಮನೆಯಲ್ಲಿ ಅತ್ತೆಯವರ ದೀಪದ ಕಂಬವೂ ಹೀಗೆಯೇ. ಅದರ ಮೇಲಿದ್ದ ಹಂಸ ತಿಕ್ಕಿ ತಿಕ್ಕಿ ಈಗ ಬರೀ ಒಂದು ಉಬ್ಬು.

ಹುಲಿಯನ್ನು ಗೂಡಿನಲ್ಲಿಯೇ ಇಟ್ಟೆ. ದೇವರ ಮುಂದೆ ಇಟ್ಟದ್ದನ್ನು ತೆಗೆದರೆ ಮಾದಪ್ಪ ಸುಮ್ಮನಿದ್ದರೂ ಅತ್ತೆ ಸುಮ್ಮನಿರುವುದಿಲ್ಲ. ಉಳಿದ ಬಿಲ್ಲೆಗಳನ್ನು ಮಾತ್ರ ಮಧ್ಯಾಹ್ನವೇ ಸಾಗಿಸಿದೆ. 17ನೇ ಲ್ಯಾನ್ಸರ್ಸ್ ಪಡೆಯದಂತೂ ತಲೆಬುರುಡೆ, ಅಡ್ಡಮೂಳೆಗಳ ಬಿಲ್ಲೆ. ಅದು ಕಣ್ಣಿಗೆ ಬಿದ್ದಿದ್ದರೆ ಮನೆಯಲ್ಲಿ ಶಾಂತಿ ಹೋಮವೇ ನಡೆಯುತ್ತಿತ್ತು. ಕಾಲುಚೀಲದೊಳಗೆ ಸುತ್ತಿ, ಸೂಟ್‌ಕೇಸಿಗೆ ತುರುಕಿ, ಅಟ್ಟಕ್ಕೆ ಏರಿಸಿ ನೆಮ್ಮದಿಯಾಗಿ ಊಟಕ್ಕೆ ಕುಳಿತೆ.

ಅತ್ತೆ ಸಾರು ಬಡಿಸುತ್ತಾ ಕೇಳಿದರು, “ಅಳಿಯಂದಿರೇ, ಕೊರಳಿಗೆ ಸರಪಳಿ ಹಾಕಿಕೊಂಡ ಒಂದು ಜಿಂಕೆ ಇತ್ತಲ್ಲ?”

ರಾಯಲ್ ವಾರಿಕ್‌ಶೈರ್ ರೆಜಿಮೆಂಟಿನದು. ತುತ್ತು ಗಂಟಲಲ್ಲಿ ನಿಂತಿತು.

“ಅದಿನ್ನೂ ಹುಣಸೆನೀರಿನಲ್ಲಿಯೇ ಇದೆ. ಸಂಜೆ ತೆಗೆಯಲು ನೆನಪಿಸಿ.”