ಸ್ಪಷ್ಟನೆ: ಕರಾವಳಿ ಪರಿಸರ ವಿಜ್ಞಾನ ಓದಿದರೆ ಒಂದೇ ವರ್ಷ ಕೆಲಸವೇ?

"ಅಮೆರಿಕದಲ್ಲಿ ಕರಾವಳಿ ಪರಿಸರ ವಿಜ್ಞಾನ ಓದಿದರೆ ಒಂದೇ ವರ್ಷ ಕೆಲಸ ಮಾಡಬಹುದು. ಪಾಲಿಸಿ (ಸರ್ಕಾರಿ ನೀತಿಯ ಅಧ್ಯಯನ) ಇರುವ ಕೋರ್ಸ್ ಸ್ಟೆಮ್ ಅಲ್ಲ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ಪೂರ್ತಿ ನಿಜವಲ್ಲ. ಸ್ಟೆಮ್ ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ವಿಷಯಗಳು.

ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಪದವಿಯ ನಂತರ 12 ತಿಂಗಳ ಒಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ, ಇದೆ. ಸ್ಟೆಮ್ ಪದವಿಯಾದರೆ ಇನ್ನೂ 24 ತಿಂಗಳು ವಿಸ್ತರಣೆ ಸಿಗಬಹುದು. ಸ್ಟೆಮ್ ಹೌದೋ ಅಲ್ಲವೋ ಎಂದು ನೋಡುವುದು ಕೋರ್ಸಿನ ಹೆಸರಿನಿಂದ ಅಲ್ಲ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಬರೆದಿರುವ ಸಿಐಪಿ ಕೋಡ್‌ನಿಂದ, ಅಂದರೆ ಓದಿನ ವಿಷಯವನ್ನು ಗುರುತಿಸುವ ಸಂಖ್ಯೆಯಿಂದ. ಪರಿಸರ ವಿಜ್ಞಾನದ ಕೋಡ್ 03.0104 ಸರ್ಕಾರದ ಸ್ಟೆಮ್ ಪಟ್ಟಿಯಲ್ಲಿದೆ. ನಾಲ್ಕು ಪಾಲಿಸಿ ಪೇಪರ್ ಓದಿದ ಮಾತ್ರಕ್ಕೆ ಆ ಕೋಡ್ ಬದಲಾಗುವುದಿಲ್ಲ. ಆದರೆ ಇಡೀ ಪದವಿಯೇ ಪಬ್ಲಿಕ್ ಪಾಲಿಸಿಯದಾದರೆ ಕೋಡ್ ಬೇರೆ ಇರಬಹುದು. ಹಾಗಾಗಿ ಸೇರುವ ಮೊದಲೇ ಕೋಡ್ ಕೇಳಿ. ಏಜೆಂಟರನ್ನಲ್ಲ, ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಿ.

ವಿಸ್ತರಣೆ ತಾನಾಗಿ ಬರುವುದಿಲ್ಲ. ಕೆಲಸ ಕೊಡುವವರು ಇ-ವೆರಿಫೈನಲ್ಲಿ (ಕೆಲಸದ ಅರ್ಹತೆ ಪರಿಶೀಲಿಸುವ ಸರ್ಕಾರಿ ವ್ಯವಸ್ಥೆ) ಇರಬೇಕು, ಐ-983 ತರಬೇತಿ ಯೋಜನೆಗೆ ಸಹಿ ಹಾಕಬೇಕು. ಮೊದಲ ಒಪಿಟಿ ಮುಗಿಯುವ ಮುನ್ನವೇ ಅರ್ಜಿ ಹೋಗಬೇಕು.

"ಕರಾವಳಿ ಓದಿ ಏನು ಮಾಡ್ತೀರಿ" ಅನ್ನುವ ಸಾಲೂ ಅದೇ ಸಂದೇಶದಲ್ಲಿದೆ. ಅಮೆರಿಕದ ಲೂಸಿಯಾನ ರಾಜ್ಯ 1932ರಿಂದ ಸುಮಾರು 5,000 ಚದರ ಕಿ.ಮೀ. ನೆಲ ಕಳೆದುಕೊಂಡಿದೆ. ಮಿಸಿಸಿಪ್ಪಿ ನದಿಗೆ ಕಟ್ಟಿದ ಒಡ್ಡುಗಳಿಂದ ಹೂಳು ಜೌಗು ನೆಲಕ್ಕೆ ತಲುಪದಿರುವುದು ಒಂದು ದೊಡ್ಡ ಕಾರಣ. ಅಲ್ಲಿನ ಬ್ಯಾಟನ್ ರೂಜ್‌ ನಗರದ ಎಲ್‌ಎಸ್‌ಯುನಲ್ಲಿ (ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ) ಈ ವಿಷಯಕ್ಕೇ ಒಂದು ಪ್ರತ್ಯೇಕ ಕಾಲೇಜಿದೆ. ಕೆಲಸ ಸುಮ್ನೆ ಹುಟ್ಟಿದ್ದಲ್ಲ, ಅಲ್ವಾ? ಒಂದು ತೊಡಕು ಮಾತ್ರ ನಿಜ: ಅಮೆರಿಕದ ಕೇಂದ್ರ ಸರ್ಕಾರದ ಹುದ್ದೆಗಳಿಗೆ ಸಾಮಾನ್ಯವಾಗಿ ಅಲ್ಲಿನ ಪೌರತ್ವ ಬೇಕು.