ಒಡಪು ಹೇಳಿ, ಒಳಗೆ ಬನ್ನಿ

ಉತ್ತರ ಕರ್ನಾಟಕದ ಮದುವೆಗಳಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತಾರೆ. ಗಂಡನ ಹೆಸರನ್ನು ಒಡಪಿನಲ್ಲಿ ಸುತ್ತಿ ಹೇಳಿದರೆ ಮಾತ್ರ ಒಳಗೆ ಪ್ರವೇಶ. ತೈವಾನ್ ಎಂಬ ಸುಮಾರು 2.3 ಕೋಟಿ ಜನರ ದ್ವೀಪಕ್ಕೆ ಜಗತ್ತು ಮಾಡುತ್ತಿರುವುದೂ ಇದನ್ನೇ. ಆದರೆ ಇಲ್ಲಿ ಹೇಳಬಾರದ ಹೆಸರು ಆಕೆಯದೇ. ಬಾಗಿಲಿಗೆ ಅಡ್ಡ ನಿಂತವರು ನಾದಿನಿಯರಲ್ಲ, ಈ ದ್ವೀಪ ತನ್ನದೇ ಭಾಗ ಅನ್ನುವ ಚೀನಾದ ಸರ್ಕಾರ, ಅಂದರೆ ಬೀಜಿಂಗ್.

ವಿಶ್ವ ವ್ಯಾಪಾರ ಸಂಸ್ಥೆಯನ್ನು ನೋಡಿ. ಚೀನಾ 2001ರ ಡಿಸೆಂಬರಿನಲ್ಲಿ ಒಳಗೆ ಹೋಗಿ ಕೂತಿತು. ಮೂರು ವಾರ ಬಿಟ್ಟು ತೈವಾನಿಗೂ ಬಾಗಿಲು ತೆರೆಯಿತು. ಯಾವ ಹೆಸರಿನಲ್ಲಿ? ‘ತೈವಾನ್, ಪೆಂಘು, ಕಿನ್ಮೆನ್ ಮತ್ತು ಮಾಟ್ಸುಗಳ ಪ್ರತ್ಯೇಕ ಸುಂಕ ಪ್ರದೇಶ’. ಪ್ರಾಸ ಒಂದು ಕೂಡಿ ಬಂದಿಲ್ಲ, ಉಳಿದಂತೆ ಪಕ್ಕಾ ಒಡಪು.

ಒಲಿಂಪಿಕ್ಸಿನಲ್ಲಿ ಇದೇ ದ್ವೀಪ ‘ಚೈನೀಸ್ ತೈಪೆ’. ತೈಪೆ ಅಂದರೆ ಅದರ ರಾಜಧಾನಿ. ತನ್ನ ಬಾವುಟ ಹಾರಿಸುವಂತಿಲ್ಲ, ರಾಷ್ಟ್ರಗೀತೆ ನುಡಿಸುವಂತಿಲ್ಲ. ಬಿಳಿ ಬಟ್ಟೆಯ ಮೇಲೆ ಒಂದು ಹೂವು, ಐದು ಉಂಗುರ, ಜೊತೆಗೆ ಬೇರೊಂದು ಹಾಡು. ಪ್ಯಾರಿಸ್ 2024ರಲ್ಲಿ ಬ್ಯಾಡ್ಮಿಂಟನ್ ಡಬಲ್ಸ್ ಫೈನಲ್ಲಿನಲ್ಲಿ ಇವರ ಹುಡುಗರು ಚೀನಾವನ್ನೇ ಸೋಲಿಸಿ ಚಿನ್ನ ಗೆದ್ದರು. ಟೋಕಿಯೋದಲ್ಲೂ ಹಾಗೇ ಆಗಿತ್ತು. ಗೆಲ್ಲುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಗೆದ್ದವರು ಯಾರು ಅಂತ ಹೇಳಬಾರದು, ಅಷ್ಟೇ. ಅದೇ ಪ್ಯಾರಿಸ್ಸಿನಲ್ಲಿ ಪ್ರೇಕ್ಷಕರೊಬ್ಬರ ಕೈಯಿಂದ ‘ತೈವಾನ್’ ಅಂತ ಬರೆದ ಟವೆಲ್ಲನ್ನು ಕಿತ್ತುಕೊಂಡರು. ನೂರಾನಲವತ್ತು ಕೋಟಿ ಜನರ ದೇಶದ ಅಖಂಡತೆಗೆ ಒಂದು ಟವೆಲ್ಲಿನಿಂದ ಅಪಾಯ ಅಂದರೆ ಆ ಬಟ್ಟೆಯ ಗುಣಮಟ್ಟವನ್ನು ಮೆಚ್ಚಬೇಕು.

2018ರಲ್ಲಿ ಚೀನಾದ ವಿಮಾನಯಾನ ಇಲಾಖೆ ಹತ್ತಾರು ವಿದೇಶಿ ಏರ್‌ಲೈನ್‌ಗಳಿಗೆ ಪತ್ರ ಬರೆಯಿತು: ವೆಬ್‌ಸೈಟಿನಲ್ಲಿ ತೈವಾನನ್ನು ದೇಶದಂತೆ ತೋರಿಸಬೇಡಿ. ಆಗ ಸರ್ಕಾರದ ಕೈಯಲ್ಲೇ ಇದ್ದ ನಮ್ಮ ಏರ್ ಇಂಡಿಯಾ ತಕರಾರಿಲ್ಲದೆ ‘ಚೈನೀಸ್ ತೈಪೆ’ ಅಂತ ತಿದ್ದಿತು. ಗಡಿಯಲ್ಲಿ ಒಂದಿಂಚೂ ಬಿಡದವರು ವೆಬ್‌ಸೈಟಿನಲ್ಲಿ ಒಂದು ದ್ವೀಪವನ್ನೇ ಬಿಟ್ಟುಕೊಟ್ಟರು. ಅಮೆರಿಕದ ಕಂಪನಿಗಳು ಇನ್ನೂ ಜಾಣರು. ತೈಪೆ ಎಂಬ ಊರು ಉಳಿಸಿಕೊಂಡು ದೇಶದ ಹೆಸರನ್ನೇ ಅಳಿಸಿದರು. ವಿಮಾನ ಸರಿಯಾದ ಹೊತ್ತಿಗೆ ಇಳಿಯುತ್ತದೆ, ಎಲ್ಲಿ ಇಳಿಯಿತು ಅಂತ ಮಾತ್ರ ಕೇಳಬೇಡಿ.

2020ರ ಅಕ್ಟೋಬರಿನಲ್ಲಿ ದೆಹಲಿಯ ಚೀನಾ ರಾಯಭಾರ ಕಚೇರಿ ಭಾರತದ ಪತ್ರಿಕೆಗಳಿಗೂ ಪಾಠ ಹೇಳಿತು. ತೈವಾನನ್ನು ದೇಶ ಅನ್ನಬೇಡಿ, ಅಲ್ಲಿನ ಅಧ್ಯಕ್ಷರನ್ನು ಅಧ್ಯಕ್ಷರು ಅನ್ನಬೇಡಿ. ತೈವಾನಿನ ವಿದೇಶಾಂಗ ಸಚಿವ ಜೋಸೆಫ್ ವು ಇದಕ್ಕೆ ಕೊಟ್ಟ ಉತ್ತರದ ಸಾರಾಂಶ: ತೊಲಗಿ! ಕೇಳಿ ನಾವೂ ಚಪ್ಪಾಳೆ ಹೊಡೆದೆವು. ಆದರೆ ತೈಪೆಯಲ್ಲಿರುವ ನಮ್ಮದೇ ಕಚೇರಿಯ ಬೋರ್ಡು? 1995ರಿಂದಲೂ ‘ಇಂಡಿಯಾ ತೈಪೆ ಅಸೋಸಿಯೇಷನ್’. ರಾಯಭಾರ ಕಚೇರಿ ಅಲ್ಲ, ಅಸೋಸಿಯೇಷನ್. ಬಡಾವಣೆಯ ನಿವಾಸಿಗಳ ಸಂಘ ಇದ್ದ ಹಾಗೆ. ಅತ್ತ ದೇವನಹಳ್ಳಿಯ ಹತ್ತಿರ ತೈವಾನಿನ ಫಾಕ್ಸ್‌ಕಾನ್ ಐಫೋನ್ ಮಾಡುತ್ತದೆ, ಚೀನಾದ ಝೆಂಗ್‌ಝೌನಲ್ಲಿ ಇನ್ನೂ ಜಾಸ್ತಿ ಮಾಡುತ್ತದೆ. ಬಂಡವಾಳಕ್ಕೆ ಯಾರೂ ಹೆಸರು ಕೇಳುವುದಿಲ್ಲ.

ಬೀಜಿಂಗಿಗೆ ಮಾತ್ರ ಬೈದರೆ ಅನ್ಯಾಯವಾದೀತು. ನಟನೆಯಲ್ಲಿ ತೈಪೆಯೂ ಒಂದು ಕಾಲದಲ್ಲಿ ಕಡಿಮೆ ಇರಲಿಲ್ಲ. 1949ರಲ್ಲಿ ಕಮ್ಯುನಿಸ್ಟ್ ನಾಯಕ ಮಾವೋಗೆ ಸೋತು ದ್ವೀಪಕ್ಕೆ ಓಡಿ ಬಂದ ಚಿಯಾಂಗ್ ಕೈ-ಶೇಕ್ ಸರ್ಕಾರ, ಇಡೀ ಚೀನಾ ತನ್ನದೇ ಅಂತ ಕೂತಿತು. ಮುಖ್ಯಭೂಮಿಯಲ್ಲಿ 1947-48ರಲ್ಲಿ ಗೆದ್ದ ಶಾಸಕರು ತೈಪೆಯಲ್ಲಿ ಅಧಿಕಾರದಲ್ಲಿ ಉಳಿದರು. ಕ್ಷೇತ್ರ ಶತ್ರುವಿನ ಕೈಯಲ್ಲಿದೆ, ಮರುಚುನಾವಣೆ ಹೇಗೆ ಮಾಡೋದು? ಹಾಗಾಗಿ 1991ರ ಕೊನೆಯ ತನಕ ಅವರೇ. ಕೆಲವರು ಸದನಕ್ಕೆ ವ್ಹೀಲ್‌ಚೇರಿನಲ್ಲಿ ಬರುತ್ತಿದ್ದರು. ಮತದಾರನ ಕಾಟವೇ ಇಲ್ಲದ ನಾಲ್ಕು ದಶಕ! ನಮ್ಮ ವಿಧಾನಸೌಧಕ್ಕೆ ಈ ಸುದ್ದಿ ಮುಟ್ಟದಿರಲಿ.

ಇವೆಲ್ಲಕ್ಕಿಂತ ಮಜಾ ಇರುವುದು ಕಿನ್ಮೆನ್‌ನಲ್ಲಿ. ತೈವಾನಿನ ಕೈಯಲ್ಲಿರುವ ಈ ಪುಟ್ಟ ದ್ವೀಪ ಚೀನಾದ ಶಿಯಾಮೆನ್ ನಗರಕ್ಕೆ ಕಣ್ಣಿಗೆ ಕಾಣುವಷ್ಟು ಹತ್ತಿರ. 1958ರ ಆಗಸ್ಟ್ 23ರಿಂದ 44 ದಿನಗಳಲ್ಲಿ ಚೀನಾ ಇದರ ಮೇಲೆ ನಾಲ್ಕು ಲಕ್ಷಕ್ಕೂ ಜಾಸ್ತಿ ಶೆಲ್ ಸುರಿಯಿತು. ಜನ ಸತ್ತರು, ಮನೆಗಳು ಉರುಳಿದವು. ಅದು ತಮಾಷೆಯಲ್ಲ. ತಮಾಷೆ ಶುರುವಾದದ್ದು ಆಮೇಲೆ. ಬೆಸ ತಾರೀಕಿನಂದು ಮಾತ್ರ ಹೊಡೆಯುತ್ತೇವೆ, ಸಮ ತಾರೀಕಿಗೆ ರಜೆ ಅಂತ ಚೀನಾ ಘೋಷಿಸಿತು! ಅತ್ತ 31ನೇ ತಾರೀಕು ಬಂದರೆ ಮರುದಿನ ಒಂದನೇ ತಾರೀಕು, ಬಿಡುವಿಲ್ಲದೆ ಎರಡು ದಿನ ಡ್ಯೂಟಿ. ಫಿರಂಗಿಯವರಿಗೆ ಓವರ್‌ಟೈಮ್ ಸಿಗುತ್ತಿತ್ತೋ ಏನೋ. ಬರಬರುತ್ತಾ ಸಿಡಿಮದ್ದು ಹೋಗಿ ಕರಪತ್ರ ತುಂಬಿದ ಶೆಲ್‌ಗಳು ಬಂದವು. ಈ ವೇಳಾಪಟ್ಟಿ 1979ರ ಜನವರಿ 1ರ ತನಕ ನಡೆಯಿತು. ಅದೂ ಬೆಸ ತಾರೀಕೇ ನೋಡಿ.

ಕಿನ್ಮೆನ್‌ನವರು ಬಿದ್ದ ಶೆಲ್ಲುಗಳನ್ನು ಹೆಕ್ಕಿ ಕುಲುಮೆಗೆ ಹಾಕಿದರು. ಒಳ್ಳೆ ಉಕ್ಕು. ಒಂದು ಶೆಲ್ಲಿಗೆ ಹತ್ತಾರು ಅಡುಗೆ ಚಾಕು. ಮುಂದೆ ದೋಣಿ ಸಂಚಾರ ಶುರುವಾದಾಗ ಆ ದಡದಿಂದ ಪ್ರವಾಸಿಗರು ಬಂದು, ತಮ್ಮ ಅಪ್ಪಂದಿರು ಬಿಟ್ಟಿಯಾಗಿ ಕಳಿಸಿದ ಉಕ್ಕನ್ನು ದುಡ್ಡು ಕೊಟ್ಟು ವಾಪಸ್ ಒಯ್ದರು.

2018ರಿಂದ ಕಿನ್ಮೆನ್‌ಗೆ ಕುಡಿಯುವ ನೀರೂ ಸಮುದ್ರದಡಿಯ ಪೈಪಿನಲ್ಲಿ ಚೀನಾದ ಫುಜಿಯಾನ್‌ನಿಂದಲೇ ಬರುತ್ತಿದೆ. 2024ರ ಮೇ ತಿಂಗಳಲ್ಲಿ ಲೈ ಚಿಂಗ್-ಟೆ ತೈವಾನಿನ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡ ಮೂರೇ ದಿನಕ್ಕೆ ಚೀನಾ ಸಿಟ್ಟಾಗಿ ‘ಜಂಟಿ ಖಡ್ಗ 2024ಎ’ ಅಂತ ದ್ವೀಪವನ್ನು ಸುತ್ತುವರಿದು ಸಮರಾಭ್ಯಾಸ ಮಾಡಿತು. ಎ ಅಂತ ಇಟ್ಟಾಗಲೇ ಬಿ ಬರುತ್ತೆ ಅಂತ ಗೊತ್ತಿತ್ತು. ಅಕ್ಟೋಬರಿನಲ್ಲಿ ಸಪ್ಲಿಮೆಂಟರಿ ಪರೀಕ್ಷೆಯಂತೆ ಅದೂ ಬಂತು. ಮೇ ತಿಂಗಳ ಅಭ್ಯಾಸದ ವಲಯದಲ್ಲಿ ಕಿನ್ಮೆನ್ ಸುತ್ತಲಿನ ಪ್ರದೇಶವೂ ಇತ್ತು. ನೌಕೆಗಳು ಮುತ್ತಿಗೆ ಹಾಕುವುದು, ನೀರು ಮಂಡಳಿ ಬಿಲ್ ಕಳಿಸುವುದು, ಎರಡೂ ಒಂದೇ ದೇಶದ ಕೆಲಸ. ಇಲಾಖೆ ಬೇರೆ ಬೇರೆ ಅಲ್ವಾ?