ಹಾಫ್‌ಟೈಮ್ ಭಾಷಣದ ಕಥೆ ಪೂರ್ತಿ ಸರಿ ಇಲ್ಲ ಮಾರಾಯ್ರೆ

ನೆಹರೂ ಸ್ಟೇಡಿಯಂ ಕಡೆ ಫುಟ್‌ಬಾಲ್ ಆಡೋ ನಮ್ ಶಿವಮೊಗ್ಗ ಹುಡುಗರ ಗ್ರೂಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, 2022ರ ವರ್ಲ್ಡ್‌ಕಪ್ ಫೈನಲಲ್ಲಿ ಹಾಫ್‌ಟೈಮಿಗೆ ಫ್ರಾನ್ಸ್ ಆಟಗಾರ ಎಂಬಾಪೆ ಕೂಗಾಡಿದ್ದೇ ತಡ ಟೀಮ್ ಎದ್ದು ಕೂತ್ಕಂಡು ಗೋಲ್ ಹೊಡೀತು, ಫೈನಲಲ್ಲಿ ಹ್ಯಾಟ್ರಿಕ್ (ಒಂದೇ ಮ್ಯಾಚಲ್ಲಿ ಮೂರು ಗೋಲ್) ಹೊಡೆದ ಮೊದಲನೇ ಆಟಗಾರ ಅವ್ನೇ ಅಂತ.

ಅವ್ನು ಮಾತಾಡಿದ್ದು ನಿಜ, ವಿಡಿಯೋನೇ ಇದೆ. ಆದ್ರೆ ಆಟ ಬದಲಾಗಿದ್ದು ಹಂಗಲ್ಲ ಕಣ್ರೋ. ಫಸ್ಟ್ ಹಾಫಲ್ಲಿ ಫ್ರಾನ್ಸ್ ಒಂದೇ ಒಂದು ಶಾಟ್ ಹೊಡೆದಿರ್ಲಿಲ್ಲ, ಅರ್ಜೆಂಟೀನಾ ಎದುರು 2-0 ಹಿಂದೆ, ಕೋಚ್ ಡೆಶಾಂ ಹಾಫ್‌ಟೈಮಿಗೂ ಕಾಯದೆ 41ನೇ ನಿಮಿಷಕ್ಕೇ ಜಿರೂನ ಡೆಂಬೆಲೆನ ಹೊರಗೆ ಕೂರಿಸಿ ತುರಾಮ್, ಕೋಲೋ ಮುವಾನಿನ ಇಳಿಸಿದ್ರು, ಎಂಬಾಪೆ ಎಡಗಡೆ ಬಿಟ್ಟು ಮಧ್ಯಕ್ಕೆ ಬಂದ. ಆಮೇಲೆ 71ನೇ ನಿಮಿಷಕ್ಕೆ ಕೋಮಾನ್ ಬಂದ, ಮಿಡ್‌ಫೀಲ್ಡರ್ ಕಮಾವಿಂಗಾನ ಲೆಫ್ಟ್ ಬ್ಯಾಕಲ್ಲಿ (ಎಡಗಡೆ ಡಿಫೆನ್ಸಲ್ಲಿ) ನಿಲ್ಲಿಸಿದ್ರು, ಆ ಹುಡುಗಂಗೆ ಆಗ 20 ವರ್ಷ ಅಷ್ಟೇ! ಭಾಷಣ ಆಗಿ ಅರ್ಧ ಗಂಟೆ ಮೇಲಾದ್ರೂ ಗೋಲ್ ಇಲ್ಲ, 80ನೇ ನಿಮಿಷದ ಹೊತ್ತಿಗೆ ಕೋಲೋ ಮುವಾನಿ ಪೆನಾಲ್ಟಿ ಗಿಟ್ಟಿಸ್ದ, 81ಕ್ಕೆ ಕೋಮಾನ್ ಮೆಸ್ಸಿ ಕಾಲಿಂದಲೇ ಬಾಲ್ ಕಿತ್ಕಂಡ, ಎರಡೂ ಬೆಂಚಿಂದ ಬಂದೋರ ಕೆಲಸ, ಗೋಲ್ ಮಾತ್ರ ಎಂಬಾಪೆದು.

ಆ ಕಡೆ ಅರ್ಜೆಂಟೀನಾದ 21 ವರ್ಷದ ಎಂಝೋ, 22 ವರ್ಷದ ಆಲ್ವರೆಝ್ ಬಗ್ಗೆ ಫಾರ್ವರ್ಡಲ್ಲಿ ಸೊಲ್ಲೇ ಇಲ್ಲ, ಗೆದ್ದೋರು ಅವ್ರೇ ಅಲ್ವಾ, ಕೊನೆಗೆ ಪೆನಾಲ್ಟಿ ಶೂಟೌಟಲ್ಲಿ 4-2.

ಹ್ಯಾಟ್ರಿಕ್ ವಿಷ್ಯ: 1966ರಲ್ಲೇ ಇಂಗ್ಲೆಂಡಿನ ಜೆಫ್ ಹರ್ಸ್ಟ್ ಹೊಡೆದಾಗಿತ್ತು, ಗಂಡಸರ ವರ್ಲ್ಡ್‌ಕಪ್ ಫೈನಲಲ್ಲಿ ಎಂಬಾಪೆ ಎರಡನೇಯವ್ನು.